ಹೈಡೆಲ್‌ಬರ್ಗ್ ಕಾಲರಿನ ವೆಲ್ಡಿಂಗ್ ಬಿಡಿಸಿದ್ದು

ಗದಗ-ಬೆಟಗೇರಿಯಲ್ಲಿ ಪ್ರೆಸ್ ಮೆಷಿನ್ ರಿಪೇರಿ ಮಾಡುವ ನನಗೆ ಜಾಸ್ತಿ ಕೆಲಸ ಕೊಡುವುದು ಹೈಡೆಲ್‌ಬರ್ಗ್ ಪ್ಲೇಟನ್ ಎಂಬ ಛಾಪಖಾನೆ ಮೆಷಿನ್. ಜರ್ಮನಿಯಲ್ಲಿ 1985ರ ಹೊತ್ತಿಗೇ ಇದರ ತಯಾರಿಕೆ ನಿಂತಿದೆ. ಅಚ್ಚಿನ ಮೊಳೆ ಜೋಡಿಸಿ ಛಾಪಿಸುವ ಕಾಲವೂ ಮುಗಿದಿದೆ. ಆದರೂ ಲಗ್ನಪತ್ರಿಕೆಗೆ ಮಡಿಕೆಯ ಗೆರೆ ಒತ್ತುವ ಕ್ರೀಸಿಂಗ್, ಬೇಕಾದ ಆಕಾರಕ್ಕೆ ಕತ್ತರಿಸುವ ಡೈ ಪಂಚಿಂಗ್, ಬಿಲ್ ಬುಕ್ಕಿನ ನಂಬರಿಂಗ್‌ಗೆ ಇವತ್ತಿಗೂ ಇದೇ ಬೇಕು. ಹಾಗಾಗಿ ಹೊರದೇಶದ ಹಳೆಯ ಮೆಷಿನ್‌ಗಳು ಕೈಯಿಂದ ಕೈಗೆ ದಾಟಿ ನಮ್ಮೂರಿಗೆ ಬರುತ್ತಲೇ ಇರುತ್ತವೆ.

ಇಂಥ ಮೆಷಿನ್ ಬಂದಾಗ ನಾನು ಮೊದಲು ನೋಡುವುದು ಶಿಯರ್ ಕಾಲರ್ ಎಂಬ ಲೋಹದ ಬಳೆಯನ್ನು. ಅದು ಮುರಿಯಲೆಂದೇ ಮಾಡಿದ ಭಾಗ. ಛಾಪಿಸುವ ಕಾಗದದ ಹಿಂದೆ ಇಡುವ ಹಾಳೆಗಳು, ಅಂದರೆ ಪ್ಯಾಕಿಂಗ್, ದಪ್ಪವಾಗಿ ಒತ್ತಡ ಮಿತಿ ಮೀರಿದರೆ ತಾನು ಮುರಿದು ಉಳಿದ ಮೆಷಿನ್ ಉಳಿಸುತ್ತದೆ. ಹೊಸ ಕಾಲರ್ ತರಿಸುವ ಬದಲು ಮುರಿದದ್ದಕ್ಕೇ ವೆಲ್ಡಿಂಗ್ ಹೊಡೆದು ಮಾರಿಬಿಡುವವರಿದ್ದಾರೆ. ಆಗ ಕಾಲರ್ ಮುರಿಯದೆ, ಮುಂದಿನ ಏಟು ನೇರ ದೊಡ್ಡ ಎರಕದ ಭಾಗಕ್ಕೆ. ಅದು ಸೀಳಿದರೆ ಮೆಷಿನ್ ಗುಜರಿಗೆ.

ಈಚೆಗೆ ಬಂದ ಮೆಷಿನ್‌ನಲ್ಲಿ ಎಲ್ಲ ಕಡೆ ಹಳೆ ಬಣ್ಣ, ಕಾಲರ್ ಸುತ್ತ ಮಾತ್ರ ಹೊಸ ಬಣ್ಣ ಮಿಂಚುತ್ತಿತ್ತು. ಥಿನ್ನರ್ ಹಚ್ಚಿ ಒರೆಸಿದೆ. ಲೇತ್‌ನಲ್ಲಿ ತಿರುಗಿಸಿದ ಭಾಗದ ಮೇಲೆ ಸಣ್ಣ ಸಣ್ಣ ಸುತ್ತುಗೆರೆ ಇರಬೇಕು ಅಲ್ವಾ? ಇಲ್ಲಿ ಅಡ್ಡಾದಿಡ್ಡಿ ಅರದ ಗೆರೆಗಳಿದ್ದವು. ವೆಲ್ಡ್ ಉಬ್ಬನ್ನು ಅರದಿಂದ ತಿಕ್ಕಿ ಸಪಾಟು ಮಾಡಿದ್ದರು.

ಕಣ್ಣಿಗೆ ಕಂಡಿದ್ದಷ್ಟೇ ಸಾಲದು, ವೆಲ್ಡ್ ಎಲ್ಲಿಂದ ಎಲ್ಲಿಯವರೆಗಿದೆ ಅಂತ ಗೊತ್ತಾಗಬೇಕು. ಇದಕ್ಕೆ ನಾನು ಚಿತ್ರ ಛಾಪಿಸುವ ಬ್ಲಾಕ್ ಮಾಡುವವರ ಆಸಿಡ್ಡನ್ನೇ ನೆಚ್ಚುತ್ತೇನೆ. ಸತುವಿನ ಬ್ಲಾಕ್ ಕೊರೆಯಲು ಅವರು ಬಳಸುವ ನೈಟ್ರಿಕ್ ಆಸಿಡ್ ಅದು. ಅದನ್ನು ನೀರಿಗೆ ಹನಿ ಹನಿಯಾಗಿ ಬೆರೆಸಿ ತೆಳು ಮಾಡಬೇಕು. ಆಸಿಡ್ ಮೇಲೆ ನೀರು ಸುರಿಯಲೇಬಾರದು. ಗ್ಲೌಸು, ಕನ್ನಡಕ ಬೇಕೇ ಬೇಕು. ಎಮರಿ ಹಾಳೆಯಿಂದ ಜಾಗ ಬೆಳಗಿಸಿ, ಹತ್ತಿಯನ್ನು ಅದರಲ್ಲಿ ಅದ್ದಿ ಒರೆಸಿದೆ. ಸ್ವಲ್ಪ ಹೊತ್ತಿಗೆ ವೆಲ್ಡಿನ ಪಟ್ಟಿ ಒಂದು ಬಣ್ಣ, ಅದರ ಅಂಚಿನಲ್ಲಿ ಶಾಖ ತಗುಲಿದ ಕಡೆ ಇನ್ನೊಂದು ಬಣ್ಣ ಎದ್ದು ಕಂಡಿತು. ಬೇರೆ ಕಡೆ ಕಚ್ಚುತ್ತಿದ್ದ ಅರ ಆ ಅಂಚಿನಲ್ಲಿ ಜಾರುತ್ತಿತ್ತು. ಬಿಸಿಯಾಗಿ ಬೇಗ ತಣಿದ ಲೋಹ ಗಡುಸಾಗಿರುತ್ತದೆ. ಆಮೇಲೆ ಜಾಗವನ್ನು ಸೋಡಾಪುಡಿ ಕಲಸಿದ ನೀರಲ್ಲಿ ತೊಳೆದು, ಒಣಗಿಸಿ, ಎಣ್ಣೆ ಸವರಿದೆ. ಇಲ್ಲದಿದ್ದರೆ ಬೆಳಗಾಗುವುದರೊಳಗೆ ತುಕ್ಕು.

‘ಮಾಲಕ್ರ, ಇದನ್ನ ಬೆಸದಾರ್ರಿ,’ ಅಂದೆ.

‘ಹಂಗಾರ ಓಡಸೂದ ಬ್ಯಾಡೇನ್ರಿ? ಲಗ್ನದ ಸೀಜನ್ ಐತಲ್ರೀ.’

‘ಬ್ಯಾಡ್ರಿ. ಹೊಸಾದು ಬರೂಮಟ ಸ್ವಿಚ್ಚ ಮುಟ್ಟಬ್ಯಾಡ್ರಿ.’

ಬಿಡಿಸಲು ಗ್ಯಾಸ್ ಕಟರ್ ತರುತ್ತೇನೆ ಅಂದವರಿದ್ದರು. ನಾನು ಬಿಡಲಿಲ್ಲ. ಕಾಲರ್ ಹೇಗೂ ಹೋಗುವುದೇ, ಆದರೆ ಅದು ಕೂತಿರುವ ಭಾಗ ಉಳಿಯಬೇಕು. ಶಾಖಕ್ಕೆ ಅದು ಸೊಟ್ಟಗಾದರೆ ಹೊಸ ಕಾಲರ್ ಕೂರುವುದೇ ಇಲ್ಲ. ಮೆಷಿನ್ನಿನ ಕರೆಂಟ್ ತೆಗೆದು, ಕಾಗದದ ರಾಶಿ, ಥಿನ್ನರ್ ಡಬ್ಬಿ ಎಲ್ಲ ಹೊರಗಿಡಿಸಿದೆ. ಗ್ರೈಂಡರಿನ ಕಿಡಿ ಬೇರಿಂಗಿಗೆ ಸಿಡಿಯದಂತೆ ಒದ್ದೆ ಗೋಣಿ ಹೊದಿಸಿದೆ.

ಸಣ್ಣ ಕಲ್ಲಿನಿಂದ ವೆಲ್ಡಿನ ಪಟ್ಟಿಯನ್ನಷ್ಟೇ ತಿಕ್ಕುತ್ತಾ ಹೋದೆ. ಒಂದು ಸುತ್ತು ತಿಕ್ಕಿ, ಕೈಯಿಟ್ಟು ಬಿಸಿ ನೋಡಿ, ತಣಿಯಲು ಬಿಟ್ಟು, ಮತ್ತೆ ತಿಕ್ಕುವುದು. ಅವಸರ ಮಾಡುವ ಕೆಲಸವೇ ಅಲ್ಲ ಇದು. ಕೊನೆಗೆ ಬೆಳ್ಳನೆ ಲೋಹದ ನಡುವೆ ಕೂದಲೆಳೆಯಂಥ ಕಪ್ಪು ಗೆರೆ ಕಾಣಿಸಿಕೊಂಡಿತು. ಅದೇ ಕಾಲರಿಗೂ ಅದು ಕೂತ ಭಾಗಕ್ಕೂ ನಡುವಿನ ಮೂಲ ಸಂದು. ಗೆರೆ ಸುತ್ತಲೂ ಮುರಿಯದೆ ಕಾಣುವವರೆಗೆ ತಿಕ್ಕಿ, ಅಲ್ಲಿಗೆ ಕಲ್ಲು ನಿಲ್ಲಿಸಿದೆ. ಕಾಲರಿಗೆ ಉದ್ದಕ್ಕೆ ಒಂದು ಸೀಳು ಹಾಕಿ, ತಳದಲ್ಲಿ ತೆಳು ಪದರ ಉಳಿಸಿ, ಚಾಣ ಇಟ್ಟು ಬಡಿದೆ. ಟಪ್ ಅಂತ ಬಿಚ್ಚಿಕೊಂಡಿತು.

ಕೂತ ಭಾಗದಲ್ಲಿ ಬಿರುಕಿದೆಯೇ ಎಂದು ಬಿರುಕಿಗೆ ಇಳಿಯುವ ಕೆಂಪು ಬಣ್ಣದ ದ್ರವ ಹಾಕಿ ನೋಡಿದೆ, ಇರಲಿಲ್ಲ. ಹೊಸ ಕಾಲರ್ ಒಳಗೆ ಗುರುತಿನ ನೀಲಿ ಬಣ್ಣ ಸವರಿ ಕೂರಿಸಿ ತೆಗೆದೆ. ನೀಲಿ ಎಲ್ಲ ಕಡೆ ಸಮನಾಗಿ ಅಂಟಿತ್ತು, ಅಂದರೆ ಕಾಲರ್ ಸರಿಯಾಗಿ ಕೂತಿತ್ತು. ಮಾಲಕರು ಮುಂಗಡವಾಗಿ ಇನ್ನೊಂದು ಕಾಲರನ್ನೂ ತರಿಸಿ ಕಪಾಟಿನಲ್ಲಿಟ್ಟಿದ್ದಾರೆ.