ಹನ್ನೆರಡನೆಯ ದಿನದಿಂದ

ನಮ್ಮ 24 ನಿಮಿಷದ ಕಿರುಚಿತ್ರದ ಮೊದಲ ಚಿತ್ರಕಥೆಯಲ್ಲಿ ಹನ್ನೊಂದು ಪುಟ ಬರೀ ಅಳುವೇ ಇತ್ತು. ತಂದೆ ಸಾಯುತ್ತಾರೆ, ತಮಟೆ ಬರುತ್ತದೆ, ತಲೆದೆಸೆಯಲ್ಲಿ ದೀಪ, ಹೆಂಡತಿ ಹಾಡಿ ಹಾಡಿ ಅಳುತ್ತಾಳೆ, ಮೂರನೆಯ ದಿನ ಹಾಲುತುಪ್ಪ, ಹನ್ನೊಂದಕ್ಕೆ ತಿಥಿ, ಎಡೆಯಲ್ಲಿ ಬೀಡಿ ಕಟ್ಟು. ನನ್ನ ತಂದೆ ತೀರಿಕೊಂಡು ಆಗ ಒಂದೂವರೆ ವರ್ಷವಾಗಿತ್ತು. ಕಂಡದ್ದನ್ನೇ ಬರೆದಿದ್ದೆ, ಒಂದಕ್ಷರವೂ ಸುಳ್ಳಲ್ಲ. ಆದರೂ ಅದನ್ನು ಓದಿದಾಗ ಯಾರದೋ ಮನೆಯ ಸಾವನ್ನು ರಸ್ತೆಯಲ್ಲಿ ನಿಂತು ನೋಡಿದಂತಿತ್ತು.

ತಾಯಿಯ ಪಾತ್ರಕ್ಕೆ ಪಾಂಡವಪುರದ ಕಡೆಯ ಒಬ್ಬ ಹಿರಿಯ ಹೆಂಗಸನ್ನು ಒಪ್ಪಿಸಿದ್ದೆವು. ಅವರು ಎಂದೂ ಕ್ಯಾಮೆರಾ ಮುಂದೆ ನಿಂತವರಲ್ಲ. ಹಳ್ಳಿಯವರನ್ನೇ ನಟರನ್ನಾಗಿಸಿಕೊಂಡ ‘ತಿಥಿ’ ಚಿತ್ರ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದದ್ದು ನಮಗೆ ಧೈರ್ಯ ಕೊಟ್ಟಿತ್ತು. ಕಥೆ ಓದಿ ಹೇಳಿದಾಗ ಆಕೆ ಅವರೆಕಾಯಿ ಸುಲಿಯುತ್ತ ಕೊನೆಯವರೆಗೂ ಕೇಳಿಸಿಕೊಂಡರು. ಅವರೂ ಗಂಡನನ್ನು ಕಳೆದುಕೊಂಡವರು. “ಅಳುವುದಕ್ಕೆ ಮನೆ ತುಂಬ ಜನ ಇರುತ್ತಾರೆ ಕಣಪ್ಪ. ಬಾಡಿಗೆ ಪಾತ್ರೆ ಎಣಿಸಿ ವಾಪಸು ಕಳಿಸಿದ ಮೇಲೆ ಮನೆ ಹೇಗಿರುತ್ತದೆ, ಅದನ್ನು ತೋರಿಸು” ಎಂದರು.

ಅಂದೇ ರಾತ್ರಿ ಆ ಹನ್ನೊಂದು ಪುಟಗಳನ್ನು ತೆಗೆದುಹಾಕಿದೆ. ಹನ್ನೆರಡನೆಯ ದಿನ ಬೆಳಿಗ್ಗೆ ಶಾಮಿಯಾನ ಬಿಚ್ಚುವಲ್ಲಿಂದ ಚಿತ್ರ ಶುರುವಾಯಿತು.

ನೆಂಟರು ಹೊರಟ ಮೇಲೆ ಮನೆಯಲ್ಲಿ ಉಳಿಯುವುದು ಕಾಗದದ ಕೆಲಸ. ಮರಣವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ಆಮೇಲೆ ವಂಶವೃಕ್ಷ, ಅದು ಕೈಗೆ ಬಂದ ಮೇಲೆ ಪಹಣಿಯಲ್ಲಿ ಹೆಸರು ಬದಲಾಗಲು ಪೌತಿ ಖಾತೆ. ನಾಡಕಚೇರಿಯ ಕಟ್ಟೆಯ ಮೇಲೆ ಕೂತು ಇಷ್ಟನ್ನೂ ಮಾಡಿದವನು ನಾನು. ಸುಡುಗಾಡಿನಲ್ಲಿ ಬಾರದ ಅಳು ನನಗೆ ಅಲ್ಲಿ ಬಂತು. ಶಾಲೆಗೆ ಸೇರಿದಾಗಿನಿಂದ ‘ತಂದೆಯ ಹೆಸರು’ ಎಂದಿರುವ ಕಡೆಯಲ್ಲೆಲ್ಲ ಸಲೀಸಾಗಿ ಬರೆದುಕೊಂಡು ಬಂದ ಹೆಸರದು. ಈಗ ಅದರ ಮೊದಲಿಗೆ ‘ದಿ॥’ ಎಂದು ಸೇರಿಸಬೇಕಿತ್ತು. ಇಡೀ ಚಿತ್ರದಲ್ಲಿ ನನಗೆ ಬೇಕಿದ್ದದ್ದು ಇದೊಂದೇ ದೃಶ್ಯ. ಉಳಿದದ್ದೆಲ್ಲ ಇಲ್ಲಿಗೆ ಬರುವ ದಾರಿ.

ಮಗನ ಪಾತ್ರ ಮಾಡಿದ ಹುಡುಗನಿಗೆ ಹವ್ಯಾಸಿ ರಂಗಭೂಮಿಯ ಅಭ್ಯಾಸವಿತ್ತು. ಮೊದಲ ಟೇಕಿನಲ್ಲಿ ಅವನು ಬಿಕ್ಕಿ ಅತ್ತ. ಚೆನ್ನಾಗಿಯೇ ಅತ್ತ, ನಮ್ಮಲ್ಲೂ ಇಬ್ಬರು ಕಣ್ಣೊರೆಸಿಕೊಂಡರು. ನಾನು ಇನ್ನೊಂದು ಟೇಕ್ ಕೇಳಿದೆ. ಎರಡು, ಮೂರು ಕಳೆದವು. ನಾಲ್ಕನೆಯದಕ್ಕೆ ಮುಂಚೆ ಅವನ ಪಕ್ಕ ಕೂತು, “ಅಳಬೇಡ, ತಪ್ಪಿಲ್ಲದೆ ಬರೆ. ತಪ್ಪಾದರೆ ಅರ್ಜಿ ವಾಪಸು ಬರುತ್ತದೆ, ನಾಳೆ ಮತ್ತೆ ಬಸ್ ಹತ್ತಬೇಕು” ಎಂದಷ್ಟೇ ಹೇಳಿದೆ. ಅವನು ‘ದಿ’ ಎಂದು ಬರೆದ. ಪೂರ್ತಿ ಹೆಸರು ಬರೆದ. ಆಮೇಲೆ ಪೆನ್ನು ಹಿಂದಕ್ಕೆ ತಂದು, ಮರಣ ಪ್ರಮಾಣಪತ್ರದ ಅಂಚನ್ನೇ ಸ್ಕೇಲಿನಂತೆ ಹಿಡಿದು, ಆ ಎರಡು ಗೆರೆಗಳನ್ನು ನೆಟ್ಟಗೆ ಎಳೆದ. ಮೊದಲನೆಯದು ಒಂದು ಕೂದಲೆಳೆ ಗಿಡ್ಡವಾಗಿತ್ತು, ಅದನ್ನು ಎರಡನೆಯದರ ಸಮಕ್ಕೆ ಬೆಳೆಸಿದ. ಹಾಗೆ ಮಾಡೆಂದು ಯಾರೂ ಅವನಿಗೆ ಹೇಳಿರಲಿಲ್ಲ.

ಆ ಶಾಟ್ ಒಂದು ನಿಮಿಷ ನಲವತ್ತು ಸೆಕೆಂಡ್ ಇದೆ. ಸಂಕಲನದಲ್ಲಿ ಅದನ್ನು ನಲವತ್ತು ಸೆಕೆಂಡಿಗೆ ಇಳಿಸಿ, ನಡುವೆ ಮಗನ ಮುಖದ ಕ್ಲೋಸಪ್ ಹಾಕಿ ನೋಡಿದೆವು. ಮುಖ ಬಂದ ಕೂಡಲೇ ಏನನ್ನಿಸಬೇಕೆಂದು ನಾವೇ ಹೇಳಿಕೊಟ್ಟಂತಾಯಿತು. ಮತ್ತೆ ಪೂರ್ತಿ ಕೈಯನ್ನೇ ಇಟ್ಟೆವು. ಸಂಗೀತ ಹಾಕಲಿಲ್ಲ.

ಸಂಗೀತವಿಲ್ಲ ಎಂದ ಮೇಲೆ ಸದ್ದುಗಳೇ ಗತಿ. ಚಿತ್ರೀಕರಣದ ಸ್ಥಳದಲ್ಲೇ ಧ್ವನಿಮುದ್ರಣ ಮಾಡುತ್ತಿದ್ದುದರಿಂದ ಏಪ್ರಿಲ್ ಬಿಸಿಲಿನಲ್ಲಿ ಫ್ಯಾನ್ ಆರಿಸಿ ಕೂರಬೇಕಿತ್ತು. ದಿನಾ ಕೊನೆಗೆ ಎಲ್ಲರನ್ನೂ ಹೊರಗೆ ಕಳಿಸಿ, ಬರಿದಾದ ಮನೆಯ ಸದ್ದನ್ನು ಎರಡು ನಿಮಿಷ ಹಿಡಿಯುತ್ತಿದ್ದೆವು. ಗಡಿಯಾರ, ಕೊಟ್ಟಿಗೆಯಲ್ಲಿ ದನ ಕೊರಳಾಡಿಸಿದ ಗಂಟೆ, ಹಂಚಿನ ಮೇಲೆ ಯಾವುದೋ ಹಕ್ಕಿ. ಮಾತಿಲ್ಲದ ದೃಶ್ಯಗಳ ಅಡಿಯಲ್ಲಿ ಇರುವುದು ಅದೇ.

ಇಲ್ಲಿ ನಾನು ಮಾಡಿದ ಒಂದು ತಪ್ಪನ್ನು ಹೇಳಲೇಬೇಕು. ಕಥೆಯ ತಂದೆ ದಿನಾ ಸಂಜೆ ಹಾಲಿನ ಡೈರಿಯಿಂದ ಟಿವಿಎಸ್ ಎಕ್ಸ್‌ಎಲ್‌ನಲ್ಲಿ ಮನೆಗೆ ಬರುತ್ತಿದ್ದವರು. ತಾಯಿ ಮೊರದಲ್ಲಿ ರಾಗಿ ಕೇರುವ ದೃಶ್ಯದಲ್ಲಿ, ಆಕೆಗೆ ತಿಳಿಸದೆ, ಹುಡುಗನೊಬ್ಬನಿಗೆ ಅಂಥದೇ ಗಾಡಿಯನ್ನು ಹಿತ್ತಿಲ ಓಣಿಯಲ್ಲಿ ಓಡಿಸಲು ಹೇಳಿದ್ದೆ. ಗಾಡಿಯ ಸದ್ದು ಹತ್ತಿರವಾಯಿತು. ಮೊರ ನಿಂತಿತು. ಆಕೆ ತಲೆಯೆತ್ತಲಿಲ್ಲ, ಸೆರಗನ್ನು ಮಾತ್ರ ಸರಿಮಾಡಿಕೊಂಡರು. ಸದ್ದು ಮುಂದೆ ಹೋಯಿತು, ಮೊರ ಮತ್ತೆ ಆಡಿತು. ಕಟ್ ಹೇಳಲು ನನಗೆ ಬಾಯಿ ಬರಲಿಲ್ಲ.

ಅವರ ಯಜಮಾನರದ್ದೂ ಅದೇ ಗಾಡಿ ಎಂದು ನನಗೆ ಗೊತ್ತಿರಲಿಲ್ಲ. ಕೇಳಿ ತಿಳಿದುಕೊಳ್ಳಬೇಕಿತ್ತು. ಒಬ್ಬರ ನಿಜವಾದ ನೋವನ್ನು ಹೇಳದೆ ಕೇಳದೆ ಚಿತ್ರಕ್ಕೆ ಬಳಸಿಕೊಳ್ಳುವ ಹಕ್ಕು ಯಾವ ನಿರ್ದೇಶಕನಿಗೂ ಇಲ್ಲ ಎಂದು ಅಂದಿನಿಂದ ನಂಬಿದ್ದೇನೆ. ಕ್ಷಮೆ ಕೇಳಿದೆ, ಆ ಟೇಕ್ ಅಳಿಸಿಬಿಡುತ್ತೇನೆ ಎಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಇರಲಿ ಬಿಡು. ಆದರೆ ಸದ್ದು ಅಷ್ಟು ಜೋರಾಗಿ ಬೇಡ. ಅದು ಓಣಿಯ ಆ ತುದಿಯಲ್ಲಿ ಇದ್ದಾಗಲೇ ನನಗೆ ಕೇಳಿಸುತ್ತಿತ್ತು” ಎಂದರು.

ಮಿಕ್ಸಿಂಗಿನಲ್ಲಿ ಆ ಸದ್ದನ್ನು ಇಳಿಸುತ್ತ ಇಳಿಸುತ್ತ, ಗಡಿಯಾರಕ್ಕಿಂತ ಕೆಳಗೆ ತಂದೆವು. ಚಿತ್ರ ನೋಡಿದ ಎಷ್ಟೋ ಜನರಿಗೆ ಗಾಡಿ ಕೇಳಿಸುವುದೇ ಇಲ್ಲ. ಮೊರ ನಿಂತದ್ದು ಮಾತ್ರ ಕಾಣುತ್ತದೆ.