ಅಲೆಪ್ಪೋದ ವೆಲ್ಡರ್‌ಗೆ ಕೆನಡಾದಲ್ಲಿ ಕೆಲಸ: ಕೊಡಿಸುವುದು ಹೇಗೆ?

ಸಿರಿಯಾದ ಅಲೆಪ್ಪೋದಲ್ಲಿ ಹತ್ತು ವರ್ಷ ವೆಲ್ಡಿಂಗ್ ಮಾಡಿದವರು ಒಬ್ಬರು ಇದ್ದಾರೆ ಅಂದುಕೊಳ್ಳಿ. ಯುದ್ಧ ಶುರುವಾದ ಮೇಲೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಲೆಬನಾನ್ ಸೇರಿದ್ದಾರೆ. ಅಲ್ಲಿ ಸಿರಿಯಾದವರಿಗೆ ಕಾನೂನು ಬಿಟ್ಟುಕೊಟ್ಟಿದ್ದು ಹೆಚ್ಚಾಗಿ ಗಾರೆ ಕೆಲಸ, ಹೊಲದ ಕೆಲಸ, ಕ್ಲೀನಿಂಗ್. ಅತ್ತ ಕೆನಡಾದ ಒಂದು ಕಾರ್ಖಾನೆ ವೆಲ್ಡರ್ ಸಿಗದೆ ಪರದಾಡುತ್ತಿದೆ. ಇಬ್ಬರ ನಡುವೆ ಅಡ್ಡ ಬಂದಿರುವುದು ಬರೀ ಕಾಗದಪತ್ರ.

ಹೊರದೇಶದ ಕಂಪನಿಗಳಲ್ಲಿ ನಮ್ಮವರು ಸಾಕಷ್ಟು ಜನ ಇದ್ದೀರಿ. ಎಚ್‌ಆರ್‌ನಲ್ಲೋ, ಆಳುಗಳನ್ನು ಸೇರಿಸಿಕೊಳ್ಳುವ ಟೀಮ್‌ನಲ್ಲೋ ಇದ್ದರೆ ಈ ಕಾಗದದ ಗಂಟು ಬಿಡಿಸಬಹುದು.

ಶುರು ಮಾಡಬೇಕಾದ್ದು ಖಾಲಿ ಹುದ್ದೆಯಿಂದ. ‘ಪಾಪ, ಯಾರಿಗಾದರೂ ಸಹಾಯ ಮಾಡೋಣ’ ಅಂತ ಮ್ಯಾನೇಜರ್ ಹತ್ತಿರ ಹೋದರೆ ಹೂಂ ಅಂತಾರೆ, ಅಷ್ಟೇ. ‘ಆರು ತಿಂಗಳಿಂದ ಈ ಜಾಗಕ್ಕೆ ಜನ ಸಿಕ್ಕಿಲ್ಲ’ ಅನ್ನಿ, ಕಿವಿ ಕೊಡುತ್ತಾರೆ.

ಆಮೇಲೆ ಜನರನ್ನು ಹುಡುಕುವುದು. ಟ್ಯಾಲೆಂಟ್ ಬಿಯಾಂಡ್ ಬೌಂಡರೀಸ್ ಎಂಬ ಸಂಸ್ಥೆ 2016ರಿಂದ ಇದೇ ಕೆಲಸ ಮಾಡುತ್ತಿದೆ. ಮೊದಲು ಜೋರ್ಡಾನ್ ಮತ್ತು ಲೆಬನಾನ್‌ನಲ್ಲಿ ಶುರುವಾಯಿತು. ನಿರಾಶ್ರಿತರು ತಮ್ಮ ಓದು, ಅನುಭವ, ಭಾಷೆಯ ವಿವರವನ್ನು ಅವರ ಟ್ಯಾಲೆಂಟ್ ಕ್ಯಾಟಲಾಗ್‌ನಲ್ಲಿ ತುಂಬುತ್ತಾರೆ. ಕಂಪನಿಗೆ ಬೇಕಾದ ಹುದ್ದೆಗೆ ಸರಿಹೊಂದುವವರನ್ನು ಅಲ್ಲಿಂದ ಆರಿಸುತ್ತಾರೆ.

ಈಗ ಸಿ.ವಿ. ಇಲ್ಲಿ ಜಾಸ್ತಿ ಹೊತ್ತು ಕೂರಬೇಕು. ನಾಲ್ಕೈದು ವರ್ಷದ ಖಾಲಿ ಜಾಗ ಕಂಡರೆ ಎಚ್‌ಆರ್ ಅದನ್ನು ಸುಮ್ನೆ ಪಕ್ಕಕ್ಕೆ ಇಡುತ್ತಾರೆ. ಆ ವರ್ಷಗಳಲ್ಲಿ ಏನು ಮಾಡುತ್ತಿದ್ದಿರಿ ಅಂತ ಕೇಳಿ ನೋಡಿ. ಪಕ್ಕದ ಬೀದಿಯ ಗೇಟು, ಗ್ರಿಲ್ ರಿಪೇರಿ ಮಾಡುತ್ತಿದ್ದೆ ಅನ್ನಬಹುದು. ಅದೂ ಕೆಲಸವೇ ಅಲ್ವಾ? ಬರೆಯಿರಿ. ಸಂಬಳದ ಚೀಟಿ ಇರುವುದಿಲ್ಲ, ಮಾಡಿದ ಗೇಟಿನ ಫೋಟೊ ಮೊಬೈಲ್‌ನಲ್ಲಿ ಇದ್ದೀತು. ಹೆಸರಿನ ಸ್ಪೆಲ್ಲಿಂಗ್ ಕೂಡ ನೋಡಿ. ಅರಬ್ಬಿ ಹೆಸರು ಪಾಸ್‌ಪೋರ್ಟ್‌ನಲ್ಲಿ ಒಂದು ಥರ, ಡಿಪ್ಲೊಮಾದಲ್ಲಿ ಇನ್ನೊಂದು ಥರ ಇರುತ್ತದೆ. ಇನಿಷಿಯಲ್ ಹಿಂದೋ ಮುಂದೋ ಎಂದು ಒದ್ದಾಡಿದ ನಮಗೆ ಇದು ಹೊಸದೇನಲ್ಲ.

ಸಂದರ್ಶನ ವಿಡಿಯೊದಲ್ಲೇ ಆಗಲಿ. ಕರೆಂಟ್ ಹೋಗಿ ಕರೆ ಕಟ್ ಆದರೆ ಅದನ್ನು ಅಭ್ಯರ್ಥಿಯ ತಲೆಗೆ ಕಟ್ಟಬೇಡಿ. ವೆಲ್ಡರ್ ಆದರೆ ಮಾತಿಗಿಂತ ಕೈ ನೋಡಿ: ಯಾವುದಾದರೂ ವರ್ಕ್‌ಶಾಪ್‌ನಲ್ಲಿ ಒಂದು ಜಾಯಿಂಟ್ ಬೆಸೆದು ತೋರಿಸಲಿ. ನರ್ಸ್, ಡಾಕ್ಟರ್‌ನಂಥ ಕೆಲಸಗಳಿಗಾದರೆ ಆ ದೇಶದ ಲೈಸೆನ್ಸ್ ಬೇಕು, ಅದಕ್ಕೆ ಸಮಯ ಹಿಡಿಯುತ್ತದೆ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಅಭ್ಯರ್ಥಿಯಿಂದ ಒಂದು ಪೈಸೆಯೂ ವಸೂಲಾಗಬಾರದು. ನಡುವೆ ಯಾರಾದರೂ ಏಜೆಂಟ್ ‘ಪ್ರೊಸೆಸಿಂಗ್ ಫೀ’ ಅಂದರೆ ಅಲ್ಲೇ ನಿಲ್ಲಿಸಿ.

ವೀಸಾಕ್ಕೆ ವಲಸೆ ವಕೀಲರ ಸಹಾಯ ಪಡೆಯುವುದು ಒಳ್ಳೆಯದು. ಕೆನಡಾ 2018ರಲ್ಲಿ ಕೆಲಸ ಬಲ್ಲ ನಿರಾಶ್ರಿತರಿಗಾಗಿಯೇ ಒಂದು ಪ್ರಾಯೋಗಿಕ ಯೋಜನೆ ತಂದಿತು. ಬ್ರಿಟನ್, ಆಸ್ಟ್ರೇಲಿಯಾ 2021ರಲ್ಲಿ ತಮ್ಮವನ್ನು ಶುರು ಮಾಡಿದವು. ಇಂಥ ಯೋಜನೆಗಳಿಗೆ ಅವಧಿ ಇರುತ್ತದೆ, ನಿಯಮ ಬದಲಾಗುತ್ತಿರುತ್ತದೆ. ಹಾಗಾಗಿ ಕೆಲಸದ ಪತ್ರ ಕೊಡುವ ಮೊದಲು ಆಯಾ ಸರ್ಕಾರದ ವೆಬ್‌ಸೈಟ್ ನೋಡಿಕೊಳ್ಳಿ. ಮುಖ್ಯವಾಗಿ ಕೇಳಬೇಕಾದ್ದು ಎರಡು: ಕುಟುಂಬ ಜೊತೆಗೆ ಬರಬಹುದಾ? ಕಾಯಂ ವಾಸಕ್ಕೆ ದಾರಿ ಇದೆಯಾ? ಕೆಲಸ ಹೋದ ದಿನವೇ ವಾಪಸ್ ಕಳಿಸುವ ವೀಸಾ ಇವರಿಗೆ ಆಗದು. ವಾಪಸ್ ಹೋಗಲು ಊರಲ್ಲಿ ಮನೆಯೇ ಉಳಿದಿರುವುದಿಲ್ಲ.

ಪತ್ರ ಬಂತು, ಟಿಕೆಟ್ ಆಯಿತು. ಬಾಡಿಗೆ ಮನೆಗೆ ಅಲ್ಲಿನ ಹಳೇ ಸಾಲದ ದಾಖಲೆ ಕೇಳುತ್ತಾರೆ, ಇವರ ಹತ್ತಿರ ಇರುವುದಿಲ್ಲ. ಮೊದಲ ಕೆಲವು ತಿಂಗಳ ಮನೆಯನ್ನು ಕಂಪನಿಯ ಹೆಸರಲ್ಲೇ ಮಾಡಿಸಿ. ಬ್ಯಾಂಕ್ ಖಾತೆ ತೆರೆಯುವ ದಿನ ಜೊತೆಗೆ ಒಬ್ಬರು ಹೋಗಿ. ಬರುವುದು ಜನವರಿಯಲ್ಲಾದರೆ ಏರ್‌ಪೋರ್ಟ್‌ಗೆ ದಪ್ಪ ಜಾಕೆಟ್ ತೆಗೆದುಕೊಂಡು ಹೋಗಿ. ಮಕ್ಕಳ ಅಳತೆ ಮೊದಲೇ ಕೇಳಿಟ್ಟುಕೊಳ್ಳಿ.