ಜೋನಿಬೆಲ್ಲದಲ್ಲಿ ಕ್ರಿಸ್‌ಮಸ್ ಶುಂಠಿ ಕೇಕ್: ನನ್ನ ಅನುಭವ

ಬ್ರಿಟನ್ನಿನ ಚಳಿಗಾಲದ ತಿನಿಸುಗಳಲ್ಲಿ ಶುಂಠಿಯ ಲೋಫ್ ಕೇಕಿಗೆ ಬಹಳ ಹಳೆಯ ಸ್ಥಾನವಿದೆ. ಯಾರ್ಕ್‌ಶೈರ್ ಮತ್ತು ಲ್ಯಾಂಕಾಶೈರ್‌ಗಳಲ್ಲಿ ಓಟ್ಸ್ ಹಿಟ್ಟು ಬೆರೆಸಿ ಮಾಡುವ ಪಾರ್ಕಿನ್ ಎಂಬ ಅದರ ದಾಯಾದಿಯನ್ನು ನವೆಂಬರ್ 5ರ ಪಟಾಕಿಯ ರಾತ್ರಿ ತಿನ್ನುತ್ತಾರೆ. ಕ್ರಿಸ್‌ಮಸ್ ಹೊತ್ತಿಗೆ ಗೋಧಿ ಹಿಟ್ಟಿನ ಮೃದುವಾದ ರೂಪಗಳು ಮನೆಮನೆಯಲ್ಲೂ ಬೇಯುತ್ತವೆ. ಈ ಕೇಕುಗಳ ಕಡುಕಂದು ಬಣ್ಣಕ್ಕೂ, ಸಿಹಿಯ ಹಿಂದೆಯೇ ಬರುವ ತುಸು ಕಹಿಗೂ ಕಾರಣ ಬ್ಲ್ಯಾಕ್ ಟ್ರೀಕಲ್ ಎಂಬ ಕಪ್ಪು ಪಾಕ. ಕಬ್ಬಿನ ಸಕ್ಕರೆಯನ್ನು ಶುದ್ಧೀಕರಿಸುವಾಗ ಉಳಿಯುವ ಈ ಪಾಕದ ಜಾಗದಲ್ಲಿ ಅಮೆರಿಕದವರು ಮೊಲಾಸಿಸ್ ಬಳಸುತ್ತಾರೆ. ಬೆಂಗಳೂರಿನಲ್ಲಿ ಇವೆರಡೂ ಆಮದಾದ ಡಬ್ಬಿಗಳಲ್ಲಿ ಸಿಗುತ್ತವಾದರೂ, ನನ್ನ ಅಡುಗೆಮನೆಯಲ್ಲಿ ವರ್ಷವಿಡೀ ಇರುವುದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯಿಂದ ಬರುವ ಜೋನಿಬೆಲ್ಲ, ಅಂದರೆ ಅಚ್ಚಿಗೆ ಹೊಯ್ಯದ ನೀರುಬೆಲ್ಲ. ಟ್ರೀಕಲ್ ಮಾಡುವ ಕೆಲಸವನ್ನು ಜೋನಿಬೆಲ್ಲದಿಂದ ಮಾಡಿಸುವುದು ಹೇಗೆ ಎಂಬುದನ್ನು ನಾನು ಕಂಡುಕೊಂಡಷ್ಟು ಇಲ್ಲಿ ಬರೆಯುತ್ತಿದ್ದೇನೆ. ಈ ಕೇಕಿನಲ್ಲಿ ಶುಂಠಿಗೆ ಹೆಸರು ಬರುವುದಾದರೂ ಅದರ ಏಳುಬೀಳೆಲ್ಲ ಬೆಲ್ಲದ ಕೈಯಲ್ಲಿದೆ.

ಟ್ರೀಕಲ್, ಜೋನಿಬೆಲ್ಲ ಎರಡೂ ಕಬ್ಬಿನ ಹಾಲಿನಿಂದಲೇ ಬಂದವು, ನೋಡುವುದಕ್ಕೂ ಒಂದೇ ಬಗೆ, ಆದ್ದರಿಂದ ಒಂದರ ಬದಲು ಇನ್ನೊಂದನ್ನು ಅಳೆದು ಹಾಕಿದರಾಯಿತು ಎಂದು ತೋರುವುದು ಸಹಜ. ಆದರೆ ಮೂರು ವ್ಯತ್ಯಾಸಗಳಿವೆ. ಜೋನಿಬೆಲ್ಲದಲ್ಲಿ ನೀರಿನ ಅಂಶ ಸುಮಾರು ಮೂರನೆಯ ಒಂದು ಪಾಲಿನಷ್ಟಿರುತ್ತದೆ. ಟ್ರೀಕಲ್ ಅದಕ್ಕಿಂತ ಬಹಳ ಗಟ್ಟಿ. ಸಕ್ಕರೆಯನ್ನು ತೆಗೆದ ಮೇಲೆ ಉಳಿದ ಪಾಕವಾದ್ದರಿಂದ ಟ್ರೀಕಲ್‌ನಲ್ಲಿ ಲವಣಗಳೂ ಕಹಿಯೂ ಹೆಚ್ಚು. ಜೋನಿಬೆಲ್ಲದಲ್ಲಿ ಕಬ್ಬಿನ ಹಾಲಿನ ಸಕ್ಕರೆಯೆಲ್ಲ ಹಾಗೆಯೇ ಇರುವುದರಿಂದ ಅದು ಬರಿಯ ಸಿಹಿ. ಮೂರನೆಯದು ಹುಳಿ. ಟ್ರೀಕಲ್‌ಗೆ ತನ್ನದೇ ಆದ ಹುಳಿಗುಣವಿದ್ದು, ಅಡುಗೆ ಸೋಡಾವನ್ನು ಅದು ತಾನೇ ಕೆರಳಿಸುತ್ತದೆ. ಆಲೆಮನೆಯಲ್ಲಾದರೋ ಕೊಳೆ ಮೇಲೆ ಬರಲೆಂದು ಕಬ್ಬಿನ ಹಾಲಿಗೆ ಸುಣ್ಣದ ನೀರು ಹಾಕುವ ರೂಢಿಯಿರುವುದರಿಂದ ಬೆಲ್ಲದ ಹುಳಿ ಅಷ್ಟರಮಟ್ಟಿಗೆ ಇಳಿದಿರುತ್ತದೆ. ಈ ಮೂರನ್ನೂ ಬೇರೆಬೇರೆಯಾಗಿ ಸರಿಪಡಿಸದಿದ್ದರೆ ಕೇಕು ಪೆಚ್ಚಾದ ಸಿಹಿಯಾಗಿ, ಮೇಲೇಳದೆ, ತಳದಲ್ಲಿ ಅಂಟಂಟಾಗಿ ಉಳಿಯುತ್ತದೆ.

ನೀರಿನ ಸಮಸ್ಯೆಗೆ ಪರಿಹಾರ ಸುಲಭ. 220 ಗ್ರಾಂ ಜೋನಿಬೆಲ್ಲವನ್ನು ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲಿಟ್ಟು, ನೊರೆ ತೆಗೆಯುತ್ತ, 175 ಗ್ರಾಂಗೆ ಇಳಿಯುವವರೆಗೆ ಕುದಿಸುತ್ತೇನೆ. ಖಾಲಿ ಪಾತ್ರೆಯ ತೂಕವನ್ನು ಮೊದಲೇ ಬರೆದಿಟ್ಟುಕೊಂಡರೆ ಪಾತ್ರೆಯ ಸಮೇತ ತಕ್ಕಡಿಯ ಮೇಲಿಟ್ಟು ನೋಡಬಹುದು. ತಕ್ಕಡಿ ಇಲ್ಲದವರು ಒಂದೆಳೆ ಪಾಕಕ್ಕೆ ಸ್ವಲ್ಪ ಮೊದಲೇ ಇಳಿಸಬೇಕು. ಎಳೆ ಬಂದ ಮೇಲೂ ಕಾಯಿಸಿದರೆ ತಣಿದಾಗ ಗಟ್ಟಿಯಾಗಿ ಬೆಣ್ಣೆಯೊಂದಿಗೆ ಹೊಂದುವುದಿಲ್ಲ. ಇನ್ನೊಂದು ಎಚ್ಚರಿಕೆಯಿದೆ. ಮಲೆನಾಡಿನ ಆಲೆಮನೆಗಳು ಭರದಿಂದ ನಡೆಯುವುದು ಸಂಕ್ರಾಂತಿಯ ಆಚೀಚೆ. ಹಾಗಾಗಿ ಡಿಸೆಂಬರಿನಲ್ಲಿ ಕೈಯಲ್ಲಿರುವುದು ಹಿಂದಿನ ಹಂಗಾಮಿನ ಬೆಲ್ಲ, ಮತ್ತು ಅಷ್ಟರಲ್ಲಿ ಅದರ ತಳದಲ್ಲಿ ಸಕ್ಕರೆಯ ಹರಳು ಕೂತಿರುತ್ತದೆ. ಮೇಲಿನ ತೆಳ್ಳನೆಯ ಭಾಗವನ್ನಷ್ಟೇ ಬಗ್ಗಿಸಿಕೊಳ್ಳದೆ, ಡಬ್ಬಿಯನ್ನು ಬಿಸಿನೀರಿನಲ್ಲಿಟ್ಟು ಹರಳು ಕರಗಿಸಿ, ಚೆನ್ನಾಗಿ ಕಲಕಿ ತೆಗೆಯಬೇಕು. ಅಮ್ಮನಿಗೆ ಈ ಉಪಚಾರವೆಲ್ಲ ಸೇರುವುದಿಲ್ಲ. “ದೋಸೆಗೆ ಹಾಕ್ಕೊಂಡು ತಿನ್ನೋ ಬೆಲ್ಲಾನ ಸೋಡಾ ಹಾಕಿ ಕೆಡಿಸ್ತೀಯಲ್ಲ ಮಾರಾಯ್ತಿ” ಎಂದು ಪ್ರತಿ ಸಲವೂ ಹೇಳಿಯೇ ಹೇಳುತ್ತಾರೆ. ಕೇಕನ್ನು ಮಾತ್ರ ಬಿಡುವುದಿಲ್ಲ.

ಕಹಿಗಾಗಿ ನಾನು ನೆಚ್ಚಿಕೊಂಡಿರುವುದು ಕಾಫಿಯ ಡಿಕಾಕ್ಷನ್. ಫಿಲ್ಟರಿನಲ್ಲಿ ಮೊದಲು ಇಳಿಯುವ ಗಟ್ಟಿ ಡಿಕಾಕ್ಷನ್ 40 ಮಿಲಿಲೀಟರ್ ಹಾಕಿದರೆ ಕೇಕಿನಲ್ಲಿ ಕಾಫಿಯ ರುಚಿ ಎದ್ದು ಕಾಣುವುದಿಲ್ಲ, ಆದರೆ ಬೆಲ್ಲದ ಸಿಹಿಗೆ ಒಂದು ತಡೆ ಸಿಕ್ಕಂತಾಗುತ್ತದೆ. ಚಿಕೋರಿ ಬೆರೆತ ಪುಡಿಯಾದರೆ ಬಣ್ಣವೂ ಚೆನ್ನಾಗಿ ಬರುತ್ತದೆ. ಹುಳಿಗೆ 100 ಗ್ರಾಂ ಗಟ್ಟಿ ಮೊಸರು. ಅದು ಹಿಂದಿನ ದಿನದ್ದಾಗಿ ಸ್ವಲ್ಪ ಹುಳಿ ಬಂದಿದ್ದರೆ ಒಳ್ಳೆಯದು.

ಇನ್ನು ಶುಂಠಿ. ಇದನ್ನು ಮೂರು ರೂಪಗಳಲ್ಲಿ ಹಾಕುತ್ತೇನೆ, ಏಕೆಂದರೆ ಮೂರರ ಖಾರವೂ ಬೇರೆ. ಹಸಿಶುಂಠಿಯ ಖಾರಕ್ಕೆ ಮೂಲವಾದ ಜಿಂಜರಾಲ್, ಶುಂಠಿ ಒಣಗುವಾಗ ಭಾಗಶಃ ಶೋಗಾಲ್ ಆಗಿ ಮಾರ್ಪಡುತ್ತದೆ. ಅದರ ಉರಿ ಇನ್ನೂ ಹೆಚ್ಚು, ಗಂಟಲಿನವರೆಗೆ ಹೋಗಿ ನಿಲ್ಲುವಂಥದು. ಬೇಯುವಾಗ ಅದೇ ಜಿಂಜರಾಲ್‌ನಿಂದ ಜಿಂಜರೋನ್ ಹುಟ್ಟುತ್ತದೆ. ಅದರದು ಸಿಹಿಯತ್ತ ವಾಲಿದ ಮೆದು ಪರಿಮಳ. ಒಣಶುಂಠಿ ಪುಡಿಯೊಂದನ್ನೇ ಹಾಕಿದ ಕೇಕು ಕಷಾಯದ ನೆನಪು ತರುತ್ತದೆ. ಹಸಿಶುಂಠಿಯೊಂದನ್ನೇ ಹಾಕಿದರೆ ಪರಿಮಳ ಚೆನ್ನಾಗಿದ್ದರೂ ಕ್ರಿಸ್‌ಮಸ್ ಕೇಕಿನಿಂದ ನಿರೀಕ್ಷಿಸುವ ಬೆಚ್ಚನೆಯ ಉರಿ ಇರುವುದಿಲ್ಲ.

ಹಾಸನ, ಶಿವಮೊಗ್ಗ, ಕೊಡಗಿನ ಕಡೆ ಏಪ್ರಿಲ್–ಮೇ ತಿಂಗಳಲ್ಲಿ ನೆಟ್ಟ ಶುಂಠಿ ಡಿಸೆಂಬರ್ ಹೊತ್ತಿಗೆ ಬಲಿತು ಕೀಳುವುದಕ್ಕೆ ಬರುವುದರಿಂದ, ಈ ಕೇಕಿನ ಕಾಲಕ್ಕೆ ಮಾರುಕಟ್ಟೆಯಲ್ಲಿ ಹೊಸ ಶುಂಠಿಗೆ ಕೊರತೆಯಿಲ್ಲ. ತುರಿಯುವುದಕ್ಕೆ ನೀರು ತುಂಬಿದ ದಪ್ಪ ಗೆಡ್ಡೆಯಾದರೂ ನಡೆಯುತ್ತದೆ. ಪುಡಿಗೆ ಮಾತ್ರ ಗ್ರಂದಿಗೆ ಅಂಗಡಿಯಿಂದ ಇಡೀ ಒಣಶುಂಠಿ ತರುತ್ತೇನೆ. ಸುಣ್ಣದಲ್ಲಿ ಅದ್ದಿ ಬಿಳುಪು ಮಾಡಿದ್ದನ್ನು ಬಿಟ್ಟು, ಮಣ್ಣುಬಣ್ಣದ ಸಿಪ್ಪೆಯಿರುವುದನ್ನು ಆರಿಸಿ, ಕುಟ್ಟಾಣಿಯಲ್ಲಿ ಜಜ್ಜಿ, ಮಿಕ್ಸಿಯಲ್ಲಿ ತಿರುವಿ, ನಾರು ಉಳಿಯದಂತೆ ಸಣ್ಣ ಜರಡಿ ಹಿಡಿಯುತ್ತೇನೆ. ಪ್ಯಾಕೆಟ್ಟಿನ ಪುಡಿ ಹಳತಾಗಿದ್ದರೆ ಎಷ್ಟು ಹಾಕಿದರೂ ಮರದ ಹೊಟ್ಟಿನ ರುಚಿಯೇ. ಮೂರನೆಯ ರೂಪ ಸಕ್ಕರೆಯಲ್ಲಿ ಪಾಕವಾದ ಶುಂಠಿ. ನಾರಿಲ್ಲದ ಎಳೆಯ ಶುಂಠಿಯನ್ನು ಕಡಲೆಕಾಳಿನ ಗಾತ್ರಕ್ಕೆ ಹೆಚ್ಚಿ, ಎರಡು ಸಲ ನೀರು ಬದಲಿಸಿ ಬೇಯಿಸಿ, ಸಮತೂಕದ ಸಕ್ಕರೆ ಮತ್ತು ಅದು ಕರಗುವಷ್ಟು ನೀರಿನಲ್ಲಿ ಹೋಳುಗಳು ಪಾರದರ್ಶಕವಾಗುವವರೆಗೆ ಸಣ್ಣ ಉರಿಯಲ್ಲಿಟ್ಟರೆ ಸಿದ್ಧ. ಬೇಯಿಸಿದ ನೀರನ್ನು ಚೆಲ್ಲುವುದಿಲ್ಲ, ಅದು ಚಹಾಕ್ಕೆ ಹೋಗುತ್ತದೆ.

ಉಳಿದ ಮಸಾಲೆಯಲ್ಲಿ ಕೈ ಬಿಗಿಹಿಡಿಯುವುದೇ ಲೇಸು ಎನ್ನುವುದು ನನ್ನ ಅಭಿಪ್ರಾಯ. ಲವಂಗ ಒಂದು ಚಿಟಿಕೆ ಹೆಚ್ಚಾದರೂ ಹಲ್ಲುನೋವಿನ ಔಷಧಿಯ ವಾಸನೆ ಬಂದು ಶುಂಠಿಯನ್ನು ಮುಳುಗಿಸುತ್ತದೆ. ಒಂದು ಟೀ ಚಮಚ ಚಕ್ಕೆಪುಡಿ, ಕಾಲು ಚಮಚ ಲವಂಗದ ಪುಡಿ, ಆಗಷ್ಟೇ ತುರಿದ ಕಾಲು ಚಮಚ ಜಾಯಿಕಾಯಿ ಮತ್ತು ಕಾಲು ಚಮಚ ಕಾಳುಮೆಣಸು ಸಾಕು. ಏಲಕ್ಕಿಯನ್ನು ಬೇಕೆಂದೇ ಬಿಟ್ಟಿದ್ದೇನೆ: ಬೆಲ್ಲ ಮತ್ತು ಏಲಕ್ಕಿ ಸೇರಿದೊಡನೆ ನಮ್ಮ ಮೂಗಿಗೆ ಅದು ಹೋಳಿಗೆಯ ಹೂರಣವೇ ಹೊರತು ಕೇಕಲ್ಲ.

ಎರಡು ಪೌಂಡಿನ ಲೋಫ್ ಟಿನ್ನಿಗೆ, ಅಂದರೆ ಸುಮಾರು 21 ಸೆಂಟಿಮೀಟರ್ ಉದ್ದ, 11 ಅಗಲದ್ದಕ್ಕೆ, ನನ್ನ ಅಳತೆ ಹೀಗಿದೆ: ಮೈದಾ 200 ಗ್ರಾಂ, ಬೆಣ್ಣೆ 100 ಗ್ರಾಂ, ಇಳಿಸಿದ ಜೋನಿಬೆಲ್ಲ 175 ಗ್ರಾಂ, ಪುಡಿ ಮಾಡಿದ ಕಪ್ಪು ಅಚ್ಚುಬೆಲ್ಲ 60 ಗ್ರಾಂ, ಮೊಟ್ಟೆ 2, ಮೇಲೆ ಹೇಳಿದಷ್ಟು ಮೊಸರು ಮತ್ತು ಡಿಕಾಕ್ಷನ್, ಒಣಶುಂಠಿ ಪುಡಿ ಒಂದು ದೊಡ್ಡ ಚಮಚ, ತುರಿದ ಹಸಿಶುಂಠಿ 40 ಗ್ರಾಂ, ಪಾಕದ ಶುಂಠಿ 50 ಗ್ರಾಂ, ಉಪ್ಪು ಅರ್ಧ ಟೀ ಚಮಚ, ಅಡುಗೆ ಸೋಡಾ ಮುಕ್ಕಾಲು ಟೀ ಚಮಚ, ಬೇಕಿಂಗ್ ಪೌಡರ್ ಅರ್ಧ ಟೀ ಚಮಚ. ಹಳದಿಯಾಗಿ ಹೊಳೆಯುವ ಬೆಲ್ಲ ಇದಕ್ಕೆ ಬೇಡ. ಬಣ್ಣಕ್ಕೆಂದು ರಾಸಾಯನಿಕ ಹಾಕದ ಕಪ್ಪು ಬೆಲ್ಲಕ್ಕೇ ಈ ಕೇಕಿನಲ್ಲಿ ಬೆಲೆ.

ಇಳಿಸಿದ ಜೋನಿಬೆಲ್ಲ ಬಿಸಿಯಿರುವಾಗಲೇ ಅದಕ್ಕೆ ಅಚ್ಚುಬೆಲ್ಲ, ಬೆಣ್ಣೆ ಮತ್ತು ಹಸಿಶುಂಠಿಯ ತುರಿ ಹಾಕಿ, ಸಣ್ಣ ಉರಿಯಲ್ಲಿ ಎರಡು ನಿಮಿಷ ಕುದಿಸಿ ಇಳಿಸುತ್ತೇನೆ. ಶುಂಠಿಯನ್ನು ಈ ಹಂತದಲ್ಲಿಯೇ ಹಾಕುವುದಕ್ಕೆ ಕಾರಣವಿದೆ. ಹಸಿಶುಂಠಿಯಲ್ಲಿ ಪ್ರೋಟೀನನ್ನು ಒಡೆಯುವ ಕಿಣ್ವವೊಂದಿದ್ದು, ಕುದಿಯದ ಹಾಲಿಗೆ ಶುಂಠಿ ಹಾಕಿದಾಗ ಚಹಾ ಒಡೆಯುವುದು ಅದರಿಂದಲೇ. ಬಿಸಿ ಪಾಕದಲ್ಲಿ ಕುದಿದರೆ ಅದು ನಿಷ್ಕ್ರಿಯವಾಗಿ, ಮುಂದೆ ಸೇರುವ ಮೊಟ್ಟೆ ಮೊಸರಿನ ಗೋಜಿಗೆ ಹೋಗುವುದಿಲ್ಲ. ಇದೇ ಬಿಸಿಯಲ್ಲಿ ಒಣಪುಡಿಗಳನ್ನೂ ಹಾಕಿ ಕಲಕಿದರೆ ಅವುಗಳ ಪರಿಮಳ ಬೆಣ್ಣೆಯಲ್ಲಿ ಬಿಡುತ್ತದೆ. ಒಗ್ಗರಣೆ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಾಕ ಕೈಗೆ ಉಗುರುಬೆಚ್ಚಗಾಗುವವರೆಗೆ ಆರಬೇಕು. ಆಮೇಲೆ ಡಿಕಾಕ್ಷನ್, ಮೊಸರು, ಕೊನೆಗೆ ಗೊಟಾಯಿಸಿದ ಮೊಟ್ಟೆ. ಮೈದಾ, ಸೋಡಾ, ಬೇಕಿಂಗ್ ಪೌಡರ್ ಮತ್ತು ಉಪ್ಪನ್ನು ಜೊತೆಯಾಗಿ ಎರಡು ಸಲ ಜರಡಿ ಹಿಡಿದು, ಪಾಕವನ್ನು ಅದರ ನಡುವೆ ಸುರಿದು, ಒಣ ಹಿಟ್ಟು ಕಾಣದಾಗುವವರೆಗೆ ಮಾತ್ರ ಕಲಸುತ್ತೇನೆ. ಹಿಟ್ಟು ನೀರ್ದೋಸೆಯದಕ್ಕಿಂತ ದಪ್ಪ, ಇಡ್ಲಿಯದಕ್ಕಿಂತ ತೆಳು. ನೋಡಿ ಗಾಬರಿಯಾಗಿ ಇನ್ನಷ್ಟು ಮೈದಾ ಸೇರಿಸಬಾರದು. ಪಾಕದ ಶುಂಠಿಯ ಹೋಳುಗಳನ್ನು ಮೈದಾದಲ್ಲಿ ಹೊರಳಿಸಿ ಹಾಕಿದರೂ ಕೆಲವು ತಳ ಸೇರುತ್ತವೆ. ತಳದ ತುಣುಕಿನಲ್ಲಿ ಅವು ಸಿಕ್ಕಾಗ ಯಾರೂ ದೂರಿದ್ದಿಲ್ಲ.

ಸೋಡಾದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಸೋಡಾ ಹುಳಿಯೊಂದಿಗೆ ಸೇರಿದ ಕ್ಷಣದಿಂದಲೇ ಅನಿಲ ಬಿಡತೊಡಗುವುದರಿಂದ, ಕಲಸಿದ ಹಿಟ್ಟನ್ನು ಬದಿಗಿಟ್ಟು ಒಲೆ ಕಾಯಿಸಲು ಹೋಗುವಂತಿಲ್ಲ. ಓವನ್ ಕಾದು, ಟಿನ್ನಿಗೆ ಬಟರ್ ಪೇಪರ್ ಹಾಸಿದ ಮೇಲೆಯೇ ಒದ್ದೆ ಒಣ ಎರಡನ್ನೂ ಸೇರಿಸಬೇಕು. ಹುಳಿಗೆ ಸರಿದೂಗುವುದಕ್ಕಿಂತ ಸೋಡಾ ತುಸು ಹೆಚ್ಚಿದ್ದರೆ ಹಿಟ್ಟು ಕ್ಷಾರವಾಗಿ, ಕೇಕಿನ ಬಣ್ಣ ಬೇಗ ಗಾಢವಾಗುತ್ತದೆ. ಶುಂಠಿ ಕೇಕಿನ ಆ ಕಡುಕಂದಿನಲ್ಲಿ ಸೋಡಾದ ಪಾಲೂ ಇದೆ. ಆದರೆ ಬಣ್ಣದ ಆಸೆಗೆ ಕೈ ಬಿಟ್ಟರೆ ಸಾಬೂನಿನ ರುಚಿ ಬರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದ್ದು ಇಲ್ಲಿ ಗಾಳಿಯ ಒತ್ತಡ ಕಡಿಮೆಯಿರುವುದರಿಂದ ಅನಿಲ ಹೆಚ್ಚು ಹಿಗ್ಗುತ್ತದೆ. ವಿದೇಶದ ಪಾಕವಿಧಾನಗಳಲ್ಲಿ ಸಾಮಾನ್ಯವಾಗಿ ಕಾಣುವ ಒಂದು ಚಮಚವನ್ನು ಮುಕ್ಕಾಲಿಗೆ ಇಳಿಸಿರುವುದಕ್ಕೆ ಅದೂ ಒಂದು ಕಾರಣ. ಮಂಗಳೂರು, ಕಾರವಾರದವರು ಒಂದು ಚಿಟಿಕೆ ಹೆಚ್ಚಿಸಿಕೊಳ್ಳಬಹುದು.

ನನ್ನದು ಸಾಧಾರಣ ಓಟಿಜಿ, ಅಂದರೆ ಮೇಜಿನ ಮೇಲಿಡುವ ಸಣ್ಣ ವಿದ್ಯುತ್ ಓವನ್. ಇಂಥ ಓವನ್‌ಗಳ ಗುಂಡಿ ತೋರಿಸುವ ಬಿಸಿಗೂ ಒಳಗಿನ ಬಿಸಿಗೂ ಹೊಂದಿಕೆ ಕಡಿಮೆಯಾದ್ದರಿಂದ, ಒಳಗೆ ಇಡುವ ಅಗ್ಗದ ಥರ್ಮಾಮೀಟರ್ ಒಂದನ್ನು ಕೊಳ್ಳುವುದು ದುಬಾರಿ ಟಿನ್ನು ಕೊಳ್ಳುವುದಕ್ಕಿಂತ ಮೇಲು. 160 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕೆಳಗಿನ ಕಂಬಿ ಮಾತ್ರ ಉರಿಯುವಂತೆ ಇಟ್ಟು, ಕೆಳಗಿನ ಅಂಕಣದಲ್ಲಿ 50ರಿಂದ 60 ನಿಮಿಷ ಬೇಯಿಸುತ್ತೇನೆ. ಬೆಲ್ಲ ಹೆಚ್ಚಿರುವುದರಿಂದ ಮೇಲ್ಭಾಗ ಬೇಗ ಕಪ್ಪಗಾಗುತ್ತದೆ. 35 ನಿಮಿಷದ ನಂತರ ಮೇಲೆ ಫಾಯಿಲ್ ಹೊದಿಸಬೇಕು, ಅದಕ್ಕಿಂತ ಮೊದಲು ಬಾಗಿಲು ತೆಗೆದರೆ ನಡುಭಾಗ ಕುಸಿಯುತ್ತದೆ. ಮೇಲೆ ಉದ್ದಕ್ಕೆ ಬಿರುಕು ಬಿಟ್ಟರೆ ಅದು ದೋಷವಲ್ಲ: ಅಂಚು ಮತ್ತು ಮೇಲ್ಮೈ ಮೊದಲು ಗಟ್ಟಿಯಾಗಿ, ನಡುವಿನ ಹಿಟ್ಟು ತಡವಾಗಿ ಉಬ್ಬುವಾಗ ಲೋಫ್ ಹಾಗೆ ಬಿರಿಯುತ್ತದೆ. ಬೆಂದಿದೆಯೇ ಎಂದು ಕಡ್ಡಿ ಚುಚ್ಚಿ ನೋಡುವಾಗ ಶುಂಠಿಯ ಹೋಳೊಂದಕ್ಕೆ ತಗುಲಿ ಅಂಟು ಬಂದರೆ ಇನ್ನೊಂದು ಕಡೆ ಚುಚ್ಚಬೇಕು. ಅಡುಗೆಯ ಥರ್ಮಾಮೀಟರ್ ಇರುವವರು ಒಂದು ಸಂಗತಿ ಗಮನಿಸಲಿ. ನಮ್ಮೂರಿನಲ್ಲಿ ನೀರು ಕುದಿಯುವುದೇ ಸುಮಾರು 97 ಡಿಗ್ರಿಗೆ. ಪರದೇಶದ ಪುಸ್ತಕ ನೋಡಿ ಕೇಕಿನ ನಡುವೆ 98 ಬರಲಿ ಎಂದು ಕಾದರೆ ಒಣ ರಸ್ಕ್ ಸಿಗುತ್ತದೆ. 94–95ಕ್ಕೆ ತೆಗೆಯುವುದು ಸರಿ.

ಮೊಟ್ಟೆ ತಿನ್ನದವರಿಗಾಗಿ ಮಾಡುವಾಗ ಎರಡು ಮೊಟ್ಟೆಯ ಬದಲು ಇನ್ನೂ 80 ಗ್ರಾಂ ಮೊಸರು ಹಾಕುತ್ತೇನೆ. ಕೇಕು ಸ್ವಲ್ಪ ಭಾರವಾಗುತ್ತದೆ, ಹತ್ತು ನಿಮಿಷ ಹೆಚ್ಚು ಬೇಯಬೇಕಾಗುತ್ತದೆ, ಆದರೆ ರುಚಿಯಲ್ಲಿ ಸೋಲುವುದಿಲ್ಲ.

ಟಿನ್ನಿನಲ್ಲಿಯೇ 15 ನಿಮಿಷ ಬಿಟ್ಟು, ಜಾಲರಿಯ ಮೇಲೆ ಪೂರ್ತಿ ಆರಿಸಿ, ಬಟರ್ ಪೇಪರಿನಲ್ಲಿ ಸುತ್ತಿ, ಗಾಳಿಯಾಡದ ಡಬ್ಬಿಯಲ್ಲಿಟ್ಟು ಎರಡು ಮೂರು ದಿನ ಮುಟ್ಟದಿರುವುದು ಮನೆಯಲ್ಲಿ ಮಕ್ಕಳಿದ್ದರೆ ಕಷ್ಟವೇ. ಆದರೂ ಮಾಡಿದ ದಿನ ಕತ್ತರಿಸಿದ ಕೇಕಿಗೂ ಮೂರನೆಯ ದಿನದ್ದಕ್ಕೂ ಬಹಳ ಅಂತರವಿದೆ. ಬೆಲ್ಲದಲ್ಲಿ ಗ್ಲೂಕೋಸ್ ಮತ್ತು ಫ್ರಕ್ಟೋಸ್‌ಗಳೂ ಇರುವುದರಿಂದ ಅದು ತೇವವನ್ನು ಹಿಡಿದಿಡುತ್ತದೆ. ದಿನ ಕಳೆದಂತೆ ಒಳಗಿನ ತೇವ ಹೊರಪದರಕ್ಕೂ ಹರಡಿ, ಮೊದಲು ಗರಿಯಾಗಿದ್ದ ಮೇಲ್ಮೈ ಬೆರಳಿಗೆ ಅಂಟುವಷ್ಟು ಮೆತ್ತಗಾಗುತ್ತದೆ, ಲವಂಗದ ಮೊನೆ ಮೊಂಡಾಗಿ ಶುಂಠಿ ಮುಂದೆ ಬರುತ್ತದೆ. ಪಾರ್ಕಿನ್ ಮಾಡುವವರು ಅದನ್ನು ದಿನಗಟ್ಟಲೆ ಡಬ್ಬಿಯಲ್ಲಿಟ್ಟು ಆಮೇಲೆ ತಿನ್ನುವುದೂ ಇದಕ್ಕಾಗಿಯೇ. ಹೀಗಾಗಿ 25ನೇ ತಾರೀಕಿಗೆ ಬೇಕಾದ ಕೇಕನ್ನು ನಾನು 22ರಂದೇ ಬೇಯಿಸಿ ಮುಗಿಸುತ್ತೇನೆ. ಬೆಂಗಳೂರಿನ ಡಿಸೆಂಬರಿನಲ್ಲಿ ಅದು ಹೊರಗೆ ವಾರದವರೆಗೆ ಕೆಡುವುದಿಲ್ಲ. ಕರಾವಳಿಯ ತೇವದಲ್ಲಿ ಬೂಸು ಬೇಗ ಹಿಡಿಯುವುದರಿಂದ ಅಲ್ಲಿಯವರು ಮೂರು ದಿನದ ಮೇಲೆ ಫ್ರಿಜ್ಜಿನಲ್ಲಿಡುವುದು ಒಳ್ಳೆಯದು.

ಮೇಲೆ ಐಸಿಂಗ್ ಬೇಕೆನ್ನುವವರು 100 ಗ್ರಾಂ ಐಸಿಂಗ್ ಸಕ್ಕರೆಯನ್ನು ಒಂದೂವರೆ ದೊಡ್ಡ ಚಮಚ ನಿಂಬೆರಸದಲ್ಲಿ ಕಲಸಿ ಬಡಿಸುವ ದಿನವೇ ಹರಡಲಿ. ಮೊದಲೇ ಹಚ್ಚಿದರೆ ಅಂಟು ಮೇಲ್ಮೈಯಲ್ಲಿ ಅದು ಕರಗಿ ಇಳಿದುಹೋಗುತ್ತದೆ. ನನಗಂತೂ ಬರಿಯ ಕೇಕಿನ ಮೇಲೆ ಉಪ್ಪು ಬೆಣ್ಣೆ ಹಚ್ಚಿ ತಿನ್ನುವುದೇ ಇಷ್ಟ. ಹೊಸ ವರ್ಷದ ಹೊತ್ತಿಗೆ ಉಳಿದ ಚೂರುಗಳು ಒಣಗಿದ್ದರೆ ಅವನ್ನು ಬೆರಳು ದಪ್ಪಕ್ಕೆ ಕತ್ತರಿಸಿ, ಹಂಚಿನ ಮೇಲೆ ಒಂದಿಷ್ಟು ತುಪ್ಪ ಸವರಿ, ಸಣ್ಣ ಉರಿಯಲ್ಲಿ ಎರಡೂ ಬದಿ ಬಿಸಿ ಮಾಡಬಹುದು. ಉರಿ ಹೆಚ್ಚಾದರೆ ಬೆಲ್ಲ ಸೀದು ಹಂಚಿಗೆ ಹಿಡಿಯುತ್ತದೆ, ಆದ್ದರಿಂದ ಒಲೆಯ ಮುಂದೆಯೇ ನಿಂತಿರಬೇಕು.